ತಪ್ಪಿರೋದು ನಿಂಬೆಹಣ್ಣಲ್ಲಿ ಅಲ್ಲ, ಹೋಳಿಗೆ ಕೈಯಲ್ಲಿ

ಪ್ರಶ್ನೆ: ಮೇಡಂ, ನಾನು ಹಾಸನದಿಂದ ಬರೀತಿದೀನಿ. ಮಗಳ ಹುಟ್ಟುಹಬ್ಬಕ್ಕೆ ಮನೇಲೇ ಪುಟ್ಟ ಪುಟ್ಟ ಲೆಮನ್ ಟಾರ್ಟ್ (ಬಿಸ್ಕತ್ತಿನಂಥ ಬಟ್ಟಲಿಗೆ ನಿಂಬೆ ಗೊಜ್ಜು ತುಂಬೋ ಸಿಹಿ) ಮಾಡ್ಬೇಕು ಅಂತ ಎರಡು ಸಲ ಟ್ರೈ ಮಾಡ್ದೆ, ಎರಡು ಸಲಾನೂ ಹಾಳಾಯ್ತು. ಮೈದಾಹಿಟ್ಟನ್ನ ಚೆನ್ನಾಗಿ 15 ನಿಮಿಷ ನಾದಿ ಅಚ್ಚಿಗೆ ಒತ್ತಿ ಓಟಿಜಿಲಿ, ಅದೇ ಕರೆಂಟ್ ಓವನ್ನಲ್ಲಿ, ಇಟ್ಟೆ, ತೆಗೆದು ನೋಡಿದ್ರೆ ಬಟ್ಟಲು ಹೋಗಿ ತಟ್ಟೆ ಆಗಿತ್ತು, ಗಟ್ಟಿ ಬೇರೆ, ಹಲ್ಲಲ್ಲಿ ಕಡಿಯೋಕೇ ಆಗ್ಲಿಲ್ಲ. ಒಳಗೆ ಹಾಕೋ ಲೆಮನ್ ಕರ್ಡ್‌ಗೆ 4 ಮೊಟ್ಟೆ, ನಿಂಬೆರಸ, ಸಕ್ಕರೆ, ಬೆಣ್ಣೆ ಎಲ್ಲಾ ಬಾಣಲೆಗೆ ಹಾಕಿ ಕುದಿಸಿದೆ, ಗಂಟು ಗಂಟಾಗಿ ಎಗ್ ಬುರ್ಜಿ ಥರ ಆಯ್ತು, ಒಂಥರಾ ಕಬ್ಬಿಣ ನೆಕ್ಕಿದ ರುಚಿ, ಮೊಟ್ಟೆ ವಾಸನೆ. ಸೋಸಿ ಹೆಂಗೋ ತುಂಬಿಸಿಟ್ಟೆ, ಬೆಳಿಗ್ಗೆ ನೋಡಿದ್ರೆ ತಳ ಎಲ್ಲಾ ಚಟ್ನೀಲಿ ಬಿದ್ದ ದೋಸೆ ಥರ ಮೆತ್ತಗೆ. ನಮ್ಮ ನಿಂಬೆಹಣ್ಣು ಇದಕ್ಕೆ ಆಗಲ್ಲ, ಫಾರಿನ್ ಲೆಮನ್ನೇ ಬೇಕು ಅಂತಾರೆ, ನಿಜಾನಾ? ನಿಂಬೆರಸ ಬಿಸಿ ಮಾಡಿದ್ರೆ ಕಹಿ ಆಗತ್ತೆ ಅಂತ ಅತ್ತೆ ಹೇಳ್ತಾರೆ. ಅತ್ತೆ ಮೊಟ್ಟೆ ತಿನ್ನಲ್ಲ, ಅವರಿಗೂ ಒಂದೆರಡು ಮಾಡ್ಬೇಕು. ಆ ಬಾಣಲೆ ಅಲ್ಯೂಮಿನಿಯಂದು, ತಿಂದಿದ್ದಕ್ಕೆ ಏನಾದ್ರೂ ಆಗತ್ತಾ ಅನ್ನೋ ಭಯಾನೂ ಇದೆ.

ಉತ್ತರ: ಮೊದಲು ಭಯದ ವಿಷಯ ಮುಗಿಸಿಬಿಡೋಣ. ಅಲ್ಯೂಮಿನಿಯಂ ಬಾಣಲೇಲಿ ಒಂದು ಸಲ, ಎರಡು ಸಲ ನಿಂಬೆ ಕಾಯಿಸಿ ತಿಂದಿದ್ದಕ್ಕೆ ಏನೂ ಆಗಲ್ಲ, ಆರಾಮಾಗಿರಿ. ಆದ್ರೆ ಹುಳಿ ಆ ಲೋಹನ ಸ್ವಲ್ಪ ಕರಗಿಸತ್ತೆ ಅನ್ನೋದಂತೂ ನಿಜ, ನಿಮಗೆ ಬಂದ ಕಬ್ಬಿಣದ ರುಚಿ ಅದೇ, ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ರೆ ಬಣ್ಣಾನೂ ಬೂದಿ ಬೂದಿ ಆಗಿರೋದು. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ದೊಡ್ಡ ಹಿಂಡಾಲಿಯಂ ಪಾತ್ರೇಲಿ 60 ಟಾರ್ಟಿಗೆ ಆಗೋಷ್ಟು ಕರ್ಡ್ ಮಾಡಿ ಅದರಲ್ಲೇ ಮುಚ್ಚಿಟ್ಟು ಮನೆಗೆ ಹೋಗಿದ್ದೆ, ಬೆಳಿಗ್ಗೆ ಬಂದು ಮುಚ್ಚಳ ತೆಗೆದ್ರೆ ಪಾತ್ರೆ ಅಂಚಿಗೆ ತಾಗಿದ್ದ ಕಡೆಯೆಲ್ಲಾ ಸಿಮೆಂಟ್ ಬಣ್ಣ. ಅಷ್ಟನ್ನೂ ಚೆಲ್ಲಿ ಮತ್ತೆ ಮಾಡ್ದೆ, ಅವತ್ತಿಂದ ನಿಂಬೆಗೆ ಸ್ಟೀಲ್ ಅಥವಾ ಗಾಜು ಬಿಟ್ಟು ಬೇರೆ ಪಾತ್ರೆ ಮುಟ್ಟಿಲ್ಲ. ನಮ್ಮ ಅಜ್ಜಿಯರು ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ಹುಳಿ ಇಡಬೇಡಿ ಅಂತಿದ್ರಲ್ಲ, ಹೆಚ್ಚುಕಮ್ಮಿ ಇದೇ ಕತೆ, ಬರೀ ಹಿತ್ತಾಳೆ ಆದ್ರೆ ಹೊಟ್ಟೆನೂ ಕೆಡತ್ತೆ ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಬಿದ್ದ ಮಾತು ಒಂದೇ, "ಚೆನ್ನಾಗಿ 15 ನಿಮಿಷ ನಾದಿ". ಅಲ್ಲೇ ಸಿಕ್ಕಾಕೊಂಡ್ರಿ ನೋಡಿ! ನೀವು ಹೋಳಿಗೆ ಚೆನ್ನಾಗಿ ಮಾಡ್ತೀರ ಅಂತ ಕಾಣತ್ತೆ. ಹೋಳಿಗೆ ಕಣಕಕ್ಕೆ ಆ ನಾದೋ ಕೈ ಬೇಕೇಬೇಕು, ಹಿಟ್ಟು ರಬ್ಬರ್ ಥರ ಎಳೆದಷ್ಟೂ ಬರ್ಬೇಕು, ಇಲ್ಲಾಂದ್ರೆ ಹೂರಣ ಹೊರಗೆ ಬರತ್ತೆ. ಮೈದಾಕ್ಕೆ ನೀರು ಬಿದ್ದು ನಾವು ನಾದಿದಾಗ ಒಳಗೆ ಗ್ಲುಟನ್ ಅಂತ ಒಂದು ಜಾಲ ಕಟ್ಟತ್ತೆ, ಆ ಎಳೆತ ಬರೋದು ಅದರಿಂದ. ಟಾರ್ಟಿಗೆ ಅದೇ ಜಾಲ ಶತ್ರು. ಎಳೆದು ಅಚ್ಚಿಗೆ ಕೂರಿಸಿದ ಹಿಟ್ಟು ಬಿಸಿ ತಾಗಿದ ತಕ್ಷಣ ಬಿಟ್ಟ ರಬ್ಬರ್ ಬ್ಯಾಂಡ್ ಥರ ವಾಪಸ್ ಕುಗ್ಗತ್ತೆ, ಬಟ್ಟಲು ತಟ್ಟೆ ಆಗತ್ತೆ, ತಿಂದ್ರೆ ಚಪ್ಪಲಿ. ಹಂಗಾಗಿ ಹೋಳಿಗೆ ಕೈ ಪಕ್ಕಕ್ಕಿಟ್ಟು ನಿಪ್ಪಟ್ಟಿನ ಕೈ ತನ್ನಿ. ನಿಪ್ಪಟ್ಟಿಗೆ ಹಿಟ್ಟಿಗೆ ಬೆಣ್ಣೆನೋ ಕಾದ ಎಣ್ಣೆನೋ ಹಾಕಿ ಉಜ್ಜಿ, ಮುಷ್ಟಿ ಹಿಡಿದ್ರೆ ಉಂಡೆ ನಿಲ್ಲತ್ತಾ ಅಂತ ನೋಡ್ತೀರಲ್ಲ, ಆಮೇಲೇ ತಾನೆ ನೀರು? ಅಲ್ಲಿ ನಡೆಯೋದು ಇಷ್ಟೇ, ಜಿಡ್ಡು ಹಿಟ್ಟಿನ ಕಣಕ್ಕೆಲ್ಲಾ ರೇನ್‌ಕೋಟ್ ಹಾಕತ್ತೆ, ನೀರು ಒಳಗೆ ಸುಲಭಕ್ಕೆ ಹೋಗಲ್ಲ, ಅದರಲ್ಲಿರೋ ಮೈದಾಕ್ಕೆ ಜಾಲ ಕಟ್ಟೋಕೆ ಆಗಲ್ಲ, ಅಕ್ಕಿಹಿಟ್ಟಲ್ಲಂತೂ ಗ್ಲುಟನ್ನೇ ಇಲ್ಲ, ಅದಕ್ಕೇ ನಿಪ್ಪಟ್ಟು ಗರಿಗರಿ. ಟಾರ್ಟೂ ಅದೇ ಜಾತಿ, ಆದ್ರೆ ಜಿಡ್ಡು ಕಾದಿದ್ದಲ್ಲ, ತಣ್ಣಗಿರೋದು.

ಕುಗ್ಗೋಕೆ ಇನ್ನೊಂದು ಕಾರಣಾನೂ ಇದೆ, ಎರಡನ್ನೂ ಒಂದೇ ಅಂದ್ಕೊಂಡು ಜನ ತಪ್ಪು ಔಷಧಿ ಮಾಡ್ಕೋತಾರೆ. ಗೋಡೆ ಜಾರಿ ಕೆಳಗೆ ಬಂದು ಬುಡದಲ್ಲಿ ದಪ್ಪಗೆ ಕೂತಿದ್ಯಾ, ಆದ್ರೆ ಮುರಿದ್ರೆ ಪುಡಿಪುಡಿ ಆಗತ್ತಾ? ಹಂಗಾದ್ರೆ ಅದು ಬೆಣ್ಣೆ ಕರಗಿದ್ದು, ಹಿಟ್ಟು ಬೆಂದು ಗಟ್ಟಿ ಆಗೋಕೆ ಮುಂಚೆನೇ ಬೆಣ್ಣೆ ಇಳಿದುಬಿಟ್ಟಿದೆ, ಅಂದ್ರೆ ಓಟಿಜಿ ಸರಿಯಾಗಿ ಕಾದಿರಲಿಲ್ಲ ಅಥವಾ ಹಿಟ್ಟು ತಣ್ಣಗಿರಲಿಲ್ಲ. ಸುತ್ತಲೂ ಒಂದೇ ಸಮ ಒಳಗೆ ಸರಿದು ಅಚ್ಚಿಗೂ ಹಿಟ್ಟಿಗೂ ಮಧ್ಯ ಸಂದಿ ಬಿದ್ದಿದ್ಯಾ, ಕಡಿಯೋಕೆ ಗಟ್ಟಿನಾ? ಅದು ನಾದಿದ್ದು. ನಿಮ್ಮದು ಎರಡನೇದು, ಜೊತೆಗೆ ಮೊದಲನೇದೂ ಸ್ವಲ್ಪ ಸೇರಿರಬಹುದು.

ಅಳತೆ ಹೇಳ್ತೀನಿ, 7 ಸೆಂಟಿಮೀಟರ್ ಅಗಲದ 12 ಅಚ್ಚಿಗೆ. ಮೈದಾ 200 ಗ್ರಾಂ, ಫ್ರಿಜ್ಜಿಂದ ತೆಗೆದ ಗಟ್ಟಿ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 50 ಗ್ರಾಂ, ಒಂದು ಮೊಟ್ಟೆ ಹಳದಿ, ಅದು ಬೇಡ ಅಂದ್ರೆ ಎರಡು ಚಮಚ ತಣ್ಣನೆ ಹಾಲು. ನಂದಿನಿ ಉಪ್ಪಿಲ್ಲದ ಬೆಣ್ಣೆ ಸಿಕ್ರೆ ಅದು, ಉಪ್ಪಿರೋದು ಆದ್ರೂ ತೊಂದ್ರೆ ಇಲ್ಲ, ಮೇಲೆ ಮತ್ತೆ ಉಪ್ಪು ಹಾಕ್ಬೇಡಿ ಅಷ್ಟೆ. ಮನೇಲಿ ಕಡೆದ ಬೆಣ್ಣೇಲಿ ಮಾತ್ರ ಒಂದು ಸಮಸ್ಯೆ, ಅದರಲ್ಲಿ ಮಜ್ಜಿಗೆ ನೀರು ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ, ಒಂದು ದಿನ ಹಿಟ್ಟು ಸರಿ ಬರತ್ತೆ, ಇನ್ನೊಂದು ದಿನ ಅಂಟು. ಅಂಗಡಿ ಬೆಣ್ಣೇಲಿ ನೂರಕ್ಕೆ 80 ಭಾಗ ಜಿಡ್ಡು ಇದ್ದೇ ಇರತ್ತೆ, ಆ ಲೆಕ್ಕ ಹಿಡಿದೇ ರೆಸಿಪಿ ಬರೆಯೋದು. ತುಪ್ಪದಲ್ಲಿ ಮಾಡ್ಬೋದಾ ಅಂತ ನನ್ನ ಕ್ಲಾಸಲ್ಲಿ ಪ್ರತಿ ಬ್ಯಾಚಲ್ಲೂ ಒಬ್ಬರು ಕೇಳೇ ಕೇಳ್ತಾರೆ, ಮಾಡ್ಬೋದು, 80 ಗ್ರಾಂ ಸಾಕು, ಫ್ರಿಜ್ಜಲ್ಲಿಟ್ಟು ಮರಳು ಮರಳಾಗಿ ಗಟ್ಟಿ ಮಾಡ್ಕೊಂಡು ಹಾಕಿ. ನಾನ್‌ಖಟಾಯ್ ಥರ ಬಾಯಲ್ಲಿ ಕರಗತ್ತೆ, ರುಚಿ ನನಗಂತೂ ಇಷ್ಟ, ಆದ್ರೆ ಅಚ್ಚಿಂದ ಬಿಡಿಸುವಾಗ ಮುರಿಯೋದು ಜಾಸ್ತಿ. ಹನ್ನೆರಡರಲ್ಲಿ ಎರಡು ಮಕ್ಕಳ ಬಾಯಿಗೆ ಅಂತ ಮೊದಲೇ ಬಿಟ್ಟುಬಿಡಿ.

ಬೆಣ್ಣೇನ ಬೆರಳ ತುದೀಲಿ ಹಿಟ್ಟಿಗೆ ಉಜ್ಜಬೇಕು, ಅಂಗೈ ತಾಗಿಸ್ಬೇಡಿ, ಅಂಗೈ ಬಿಸಿ ಇರತ್ತೆ. ದಪ್ಪ ರವೆ ಥರ ಆಗೋವರೆಗೂ ಉಜ್ಜಿ ಸಕ್ಕರೆ ಸೇರಿಸಿ, ಮೊಟ್ಟೆ ಹಳದಿ ಹಾಕಿ ಬರೀ ಒಟ್ಟುಗೂಡಿಸಿ, ಉಂಡೆ ಅಂತ ಆದ ತಕ್ಷಣ ನಿಲ್ಲಿಸಿ. ನುಣ್ಣಗೆ ಆಗ್ಲಿಲ್ಲ, ಅಲ್ಲಲ್ಲಿ ಬಿರುಕು ಇದೆ ಅಂತ ಕೈ ಕೆರಿಯತ್ತೆ ನಿಮಗೆ, ಇನ್ನೆರಡು ಸಲ ನಾದೋಣ ಅನ್ಸತ್ತೆ, ಬೇಡ. ಉಂಡೇನ ತಟ್ಟಿ ಚಪ್ಪಟೆ ಮಾಡಿ ಮುಚ್ಚಿ ಫ್ರಿಜ್ಜಲ್ಲಿ ಒಂದು ಗಂಟೆ ಇಡಿ. ಬೇಸಿಗೇಲಿ ಮಧ್ಯಾಹ್ನ ಅಡುಗೆಮನೆ 30 ಡಿಗ್ರಿ ದಾಟಿರತ್ತೆ, ಆ ಹೊತ್ತಲ್ಲಿ ಬೆಣ್ಣೆ ಹಿಟ್ಟು ಕೈಗೆ ತಗೊಳ್ಳೋದೇ ತಪ್ಪು, ಬೆಳಿಗ್ಗೆ ಬೇಗ ಅಥವಾ ರಾತ್ರಿ ಮಾಡಿ. ಲಟ್ಟಿಸೋಕೆ ಹೋಳಿಗೆ ಹಾಳೆ ಇದ್ಯಲ್ಲ, ಅದು ಎರಡು ತಗೊಂಡು ಮಧ್ಯ ಹಿಟ್ಟಿಟ್ಟು ಲಟ್ಟಿಸಿ, ಒಣಹಿಟ್ಟು ಉದುರಿಸೋದೇ ಬೇಡ. ಹೋಳಿಗೆ ಜ್ಞಾನದಲ್ಲಿ ಹಾಳೆ ಮಾತ್ರ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. 3 ಮಿಲಿಮೀಟರ್ ದಪ್ಪ, ಅಂದ್ರೆ ಚಪಾತಿಗಿಂತ ಸ್ವಲ್ಪ ದಪ್ಪ, ಅಕ್ಕಿರೊಟ್ಟಿ ಅಷ್ಟು ಇರ್ಲಿ. ಅಚ್ಚಿಗೆ ಕೂರಿಸುವಾಗ ಹಿಟ್ಟನ್ನ ಎಳೀಬೇಡಿ, ಮೇಲಿಂದ ಸಡಿಲವಾಗಿ ಇಳಿಬಿಟ್ಟು ಮೂಲೆಗೆ ಮೆಲ್ಲಗೆ ಒತ್ತಿ, ಎಳೆದಷ್ಟು ಅದು ವಾಪಸ್ ಕೇಳತ್ತೆ. ಹರಿದ್ರೆ ತೇಪೆ ಹಾಕಿ, ಯಾರಿಗೂ ಗೊತ್ತಾಗಲ್ಲ. ಆಮೇಲೆ ಅಚ್ಚುಗಳನ್ನ 20 ನಿಮಿಷ ಫ್ರೀಜರಲ್ಲಿಡಿ, ಇದೊಂದನ್ನ ಬಿಟ್ಟು ಬೇರೆಲ್ಲಾ ಸರಿಯಾಗಿ ಮಾಡಿ ನನ್ನ ಹತ್ರ ಅಳ್ಕೊಂಡು ಬಂದವರು ತುಂಬಾ ಜನ.

ಬೇಯಿಸೋದು ಎರಡು ಹಂತ. ಒಳಗೆ ಏನೂ ತುಂಬದೆ ಬರೀ ಬಟ್ಟಲನ್ನೇ ಮೊದಲು ಪೂರ್ತಿ ಬೇಯಿಸ್ಕೋಬೇಕು, ಯಾಕಂದ್ರೆ ಕರ್ಡ್ ಜೊತೆ ಇಟ್ರೆ ಒಳಗಿನ ತೇವಕ್ಕೆ ತಳ ಬೇಯೋದೇ ಇಲ್ಲ. ತಳಕ್ಕೆ ಫೋರ್ಕಲ್ಲಿ ಚುಚ್ಚಿ, ಮೇಲೆ ಒಂದು ತುಂಡು ಬಟರ್ ಪೇಪರ್ ಇಟ್ಟು ಅದರ ತುಂಬಾ ಒಣ ಕಡಲೆಕಾಳು ಹಾಕಿ, ಭಾರಕ್ಕೆ ತಳ ಉಬ್ಬಲ್ಲ, ಗೋಡೆ ಜಾರಲ್ಲ. 180 ಡಿಗ್ರೀಲಿ 15 ನಿಮಿಷ, ಆಮೇಲೆ ಕಾಳು ಪೇಪರ್ ತೆಗೆದು ಇನ್ನೊಂದು 8 ರಿಂದ 10 ನಿಮಿಷ, ತಳ ಮಾರಿ ಬಿಸ್ಕತ್ತಿನ ಬಣ್ಣಕ್ಕೆ ಬರೋವರೆಗೂ. ಬೆಳ್ಳಗೆ ಇರೋವಾಗಲೇ ತೆಗೆಯೋದು ಸಾಮಾನ್ಯವಾಗಿ ಎಲ್ಲರೂ ಮಾಡೋ ತಪ್ಪು. ಓಟಿಜಿ ಮೇಲೆ 180 ಅಂತ ತಿರುಗಿಸಿದ ಮಾತ್ರಕ್ಕೆ ಒಳಗೆ 180 ಇರತ್ತೆ ಅಂತ ನಂಬಬೇಡಿ, 20-30 ಡಿಗ್ರಿ ಆಚೀಚೆ ಇರೋದು ನಾನು ಎಷ್ಟೋ ಮನೇಲಿ ನೋಡಿದೀನಿ, ಒಳಗೆ ಇಡೋ ಚಿಕ್ಕ ಥರ್ಮಾಮೀಟರ್ ಒಂದು ತಗೊಂಡ್ರೆ ಕೇಕಿಗೂ ಆಗತ್ತೆ. ಎರಡು ರಾಡೂ ಆನ್ ಮಾಡಿ 15 ನಿಮಿಷ ಕಾಯಿಸಿ, ಮಧ್ಯದ ಜಾಲರಿ ಮೇಲೆ ಇಡಿ. ಸಿಲಿಕೋನ್ ಅಚ್ಚು ಇದಕ್ಕೆ ಅಷ್ಟು ಸರಿ ಅಲ್ಲ, ಕೆಂಪಗಾಗೋಕೆ ತುಂಬಾ ಹೊತ್ತು ಹಿಡಿಯತ್ತೆ. ಅಲ್ಯೂಮಿನಿಯಂ ಅಚ್ಚಿಗೆ ಇಲ್ಲಿ ತೊಂದ್ರೆ ಇಲ್ಲ, ಹಿಟ್ಟಲ್ಲಿ ಹುಳಿ ಇಲ್ವಲ್ಲ, ಆದ್ರೆ ಕರ್ಡ್ ತುಂಬೋಕೆ ಮುಂಚೆ ಬಟ್ಟಲನ್ನ ಅಚ್ಚಿಂದ ಬಿಡಿಸ್ಕೊಳ್ಳಿ. ಕುಕ್ಕರಲ್ಲಿ ಉಪ್ಪು ಹಾಕಿ ಬೇಯಿಸೋರೂ ಇದಾರೆ, ಆಗಲ್ಲ ಅಂತ ಅಲ್ಲ, ತಳ ಕೆಂಪಗಾಗಿ ಮೇಲೆ ಬೆಳ್ಳಗೇ ಉಳಿಯತ್ತೆ, ಕುಕ್ಕರ್ ತಳಾನೂ ಕಾಲಕ್ರಮೇಣ ಹಾಳು. ಓಟಿಜಿ ಇರೋ ನಿಮಗೆ ಅದರ ಉಸಾಬರಿ ಯಾಕೆ.

ಇನ್ನು ನಿಂಬೆ ವಿಷಯ. ಲೆಮನ್ ಕರ್ಡ್ ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನ ಮೊಸರು ಹಾಕ್ತಾರೆ, ನೀವು ಹಾಕಿಲ್ಲ, ಬದುಕಿದ್ರಿ. ಇದರಲ್ಲಿ ಮೊಸರೂ ಇಲ್ಲ, ಹಾಲೂ ಇಲ್ಲ. ಇಂಗ್ಲೆಂಡಿನವರು ಬ್ರೆಡ್ಡಿಗೆ ಹಚ್ಕೊಳ್ಳೋಕೆ ಮಾಡ್ತಿದ್ದ ನಿಂಬೆ, ಸಕ್ಕರೆ, ಮೊಟ್ಟೆ, ಬೆಣ್ಣೆಯ ಗೊಜ್ಜು ಅಂದ್ಕೊಳ್ಳಿ. ಫಾರಿನ್ ಲೆಮನ್ ಬೇಕು ಅನ್ನೋದು ಸುಳ್ಳು, ಆದ್ರೆ ಪೂರ್ತಿ ಸುಳ್ಳಲ್ಲ. ಅವರ ಲೆಮನ್ ಬೇರೆ ಹಣ್ಣು, ದೊಡ್ಡದು, ದಪ್ಪ ಸಿಪ್ಪೆ, ಹಳದಿ. ನಮ್ಮ ತೆಳು ಸಿಪ್ಪೆ ನಿಂಬೆ ಲೈಮ್ ಜಾತಿ. ಘಮ ಬೇರೆ ಇರತ್ತೆ, ಹುಳಿಗೇನೂ ಕಮ್ಮಿ ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕೀ ಲೈಮ್ ಪೈ ಅಂತ ಟಾರ್ಟ್ ಥರದ್ದೇ ಒಂದು ಸಿಹಿ ಇದೆ, 2006ರಲ್ಲಿ ಆ ರಾಜ್ಯ ಅದನ್ನ ತನ್ನ ಅಧಿಕೃತ ಪೈ ಅಂತಾನೇ ಮಾಡ್ಕೊಂಡಿದೆ, ಆ ಪೈಗೆ ಬೇಕಾದ ಕೀ ಲೈಮ್ ಅಂದ್ರೆ ಯಾವುದು ಗೊತ್ತಾ, ನಮ್ಮ ಸಂತೇಲಿ ಗುಡ್ಡೆ ಹಾಕಿ ಮಾರೋ ಇದೇ ಕಾಗ್ಜಿ ನಿಂಬೆಯ ಜಾತಿ. ವಿಜಯಪುರ ಜಿಲ್ಲೆ ಇಂಡಿ ಕಡೆ ನಿಂಬೆ ತೋಟಗಳಿಗೇ ಹೆಸರುವಾಸಿ, ಆ ಹಣ್ಣು ಸಿಕ್ರೆ ಇನ್ನೂ ಒಳ್ಳೇದು, ರಸ ಚೆನ್ನಾಗಿರತ್ತೆ. ಫಾರಿನ್ನಿಂದ ದುಡ್ಡು ಕೊಟ್ಟು ಇಲ್ಲಿಗೆ ಮೇಣ ಹಚ್ಚಿದ ಲೆಮನ್ ತರಿಸೋದ್ರಲ್ಲಿ ಅರ್ಥ ಇಲ್ಲ ಅಂತ ನಾನು 11 ವರ್ಷದಿಂದ ಕ್ಲಾಸಲ್ಲಿ ಹೇಳ್ತಾನೇ ಇದೀನಿ. ಗಜನಿಂಬೆ ಸಿಕ್ರೆ ಅದರ ಸಿಪ್ಪೆ ತುರೀಗೆ ಬಹಳ ಚೆನ್ನ. ಹೇರಳೆಕಾಯಿ ಬೇಡ, ಅದರ ಒಗರು-ಕಹಿ ಚಿತ್ರಾನ್ನದಲ್ಲಿ ಚೆನ್ನಾಗಿರತ್ತೆ, ಬೆಣ್ಣೆ ಜೊತೆ ಅಲ್ಲ. ಕೊಡಗಿನ ಕಿತ್ತಳೆ ಒಂದನ್ನೇ ಹಾಕಿದ್ರೆ ಸಪ್ಪೆ, ಎರಡು ಪಾಲು ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆ ಹಾಕಿ ನೋಡಿ.

ನಿಮ್ಮ ಅತ್ತೆ ಹೇಳಿದ್ದು ಮೂಢನಂಬಿಕೆ ಅಲ್ಲ, ಅವರಿಗೊಂದು ನಮಸ್ಕಾರ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೇನೇ ನಿಂಬೆ ಹಿಂಡೋದು ಯಾಕೆ ಮತ್ತೆ? ಹಿಂಡಿದ ರಸದಲ್ಲಿ ಮೊದಲು ಕಹಿ ಇಲ್ಲದ ಒಂದು ಅಂಶ ಇರತ್ತೆ, ಹುಳಿಯಲ್ಲಿ ಹೊತ್ತು ಕಳೆದಂಗೆ ಅದು ಲಿಮೋನಿನ್ ಅನ್ನೋ ಕಹಿ ಪದಾರ್ಥ ಆಗತ್ತೆ, ಬಿಸಿ ತಾಗಿದ್ರೆ ಬೇಗ ಆಗತ್ತೆ. ಬೀಜದಲ್ಲಿ, ಸಿಪ್ಪೆ ಒಳಗಿನ ಬಿಳಿ ಭಾಗದಲ್ಲಿ ಅದು ಜಾಸ್ತಿ. ಹಂಗಾಗಿ ನಿಂಬೆಹಣ್ಣನ್ನ ಕೊನೇ ಹನಿವರೆಗೂ ಹಿಚುಕಿ ಹಿಚುಕಿ ಹಿಂಡ್ಬೇಡಿ, ಬೀಜ ಜಜ್ಜೋಕೆ ಬಿಡ್ಬೇಡಿ, ಹಿಂದಿನ ದಿನ ಹಿಂಡಿಟ್ಟ ರಸ ಬೇಡ. ಈ ಮೂರು ನೋಡ್ಕೊಂಡ್ರೆ ಕರ್ಡ್‌ಗೆ ಬೇಕಾದ ಹತ್ತು ನಿಮಿಷದ ಮೆಲ್ಲನೆ ಬಿಸಿಗೆ ಕಹಿ ಬರಲ್ಲ, ಸಕ್ಕರೆ ಬೆಣ್ಣೆ ಬೇರೆ ಇರತ್ತಲ್ಲ ಮುಚ್ಚೋಕೆ. ಸಿಪ್ಪೆ ತುರಿಯುವಾಗಲೂ ಅಷ್ಟೆ, ಶುಂಠಿ ತುರಿಯೋ ಸಣ್ಣ ತುರಿಮಣೇಲಿ ಬಣ್ಣದ ಪದರ ಮಾತ್ರ, ನಮ್ಮ ನಿಂಬೆ ಸಿಪ್ಪೆ ಕಾಗದದಷ್ಟು ತೆಳು, ಒಂದೇ ಜಾಗದಲ್ಲಿ ಎರಡನೇ ಸಲ ಉಜ್ಜಿದ್ರೆ ಬಿಳಿ ಬಂದುಬಿಡತ್ತೆ. ಆ ತುರೀನ ಸಕ್ಕರೆ ಜೊತೆ ಬೆರಳಲ್ಲಿ ತಿಕ್ಕಿ, ಸಕ್ಕರೆ ಒದ್ದೆ ಒದ್ದೆ ಆಗಿ ಅಡುಗೆಮನೆ ಎಲ್ಲಾ ಘಮ್ ಅನ್ನತ್ತೆ, ಫ್ಲೇವರ್ ಇರೋದೇ ಆ ಎಣ್ಣೇಲಿ, ರಸದಲ್ಲಿ ಬರೀ ಹುಳಿ.

ಮೊಟ್ಟೆ ಯಾಕೆ ಬುರ್ಜಿ ಆಯ್ತು? ನಿಂಬೆ ಬಿದ್ದು ಒಡೀತು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಹಾಲು ಒಡೆದು ಪನೀರ್ ಆಗತ್ತಲ್ಲ ಹಂಗೆ. ಇಲ್ಲಿ ಹಾಲೇ ಇಲ್ಲ, ಒಡೆಯೋದು ಏನು? ನಿಮ್ಮದು ಕುದಿಸಿದ್ದರಿಂದ ಆಗಿದ್ದು. ಇದು 77 ರಿಂದ 80 ಡಿಗ್ರಿ ಹತ್ರ ನುಣ್ಣಗೆ ಗಟ್ಟಿ ಆಗತ್ತೆ, 85 ದಾಟಿದ್ರೆ ಮೊಟ್ಟೆ ಬಿಗಿಯಾಗಿ ಮುದುರಿ ನೀರು ಬಿಟ್ಟುಬಿಡತ್ತೆ, ಗಂಟು ಅಂದ್ರೆ ಅದು. ಮೊಟ್ಟೆ ವಾಸನೇನೂ ಅಲ್ಲಿಂದಾನೇ, ಬಿಳಿ ಭಾಗದಲ್ಲಿ ಗಂಧಕ ಜಾಸ್ತಿ, ಅತಿಯಾಗಿ ಕಾದ್ರೆ ಅದು ಹೊರಗೆ ಬರತ್ತೆ, ನೀವು 4 ಇಡೀ ಮೊಟ್ಟೆ ಬೇರೆ ಹಾಕಿದ್ರಿ. ನಾನು ಹಾಕೋದು 2 ಇಡೀ ಮೊಟ್ಟೆ, 2 ಹಳದಿ, ಸಕ್ಕರೆ 150 ಗ್ರಾಂ, ನಿಂಬೆರಸ 120 ಎಂಎಲ್, 4 ಹಣ್ಣಿನ ಸಿಪ್ಪೆ ತುರಿ, ಬೆಣ್ಣೆ 80 ಗ್ರಾಂ. ರಸಕ್ಕೆ ಸುಮಾರು 8 ರಿಂದ 10 ಹಣ್ಣು ಬೇಕಾಗತ್ತೆ, ಬೇಸಿಗೇಲಿ ನಿಂಬೆ ರೇಟು ಏರಿದಾಗ ಮಾಡ್ಬೇಡಿ ಅಂತ ಬೇಕಾದ್ರೆ ಸಲಹೆ ಕೊಡ್ತೀನಿ.

ಸ್ಟೀಲ್ ಪಾತ್ರೇಲಿ ಮೊಟ್ಟೆಗೆ ಸಕ್ಕರೆ ಹಾಕಿದ ಕ್ಷಣದಿಂದ ಕಲಸ್ತಾನೇ ಇರಿ, ಸಕ್ಕರೆ ಹಾಕಿ ಫೋನ್ ತಗೊಳೋಕೆ ಹೋದ್ರೆ ಸಕ್ಕರೆ ಹಳದಿಯ ನೀರು ಎಳ್ಕೊಂಡು ಚಿಕ್ಕ ಚಿಕ್ಕ ಗಟ್ಟಿ ಚುಕ್ಕೆ ಮಾಡಿಬಿಡತ್ತೆ. ರಸ ಸೇರಿಸಿ, ಕೆಳಗೆ ಇನ್ನೊಂದು ಪಾತ್ರೇಲಿ ಎರಡು ಇಂಚು ನೀರು ಸಣ್ಣಗೆ ಕುದೀತಿರ್ಲಿ, ಅದರ ಮೇಲೆ ಇದನ್ನ ಕೂರಿಸಿ, ತಳ ನೀರಿಗೆ ತಾಗಬಾರದು, ಬರೀ ಹಬೆ. ಆಮೇಲೆ ಕೈ ಬಿಡದೆ ತಿರುಗಿಸೋದು, ಮೊದಲ ಐದು ನಿಮಿಷ ಏನೂ ಆಗಲ್ಲ, ನೀರು ನೀರೇ, ಮೇಲೆ ನೊರೆ. ಅಲ್ಲೇ ಎಲ್ಲರೂ ತಾಳ್ಮೆ ಕಳ್ಕೊಂಡು ಉರಿ ಜಾಸ್ತಿ ಮಾಡೋದು. ಸುಮಾರು ಎಂಟನೇ ನಿಮಿಷದ ಹೊತ್ತಿಗೆ ನೊರೆ ತಾನಾಗೇ ಅಡಗತ್ತೆ, ಚಮಚ ತಿರುಗಿಸಿದ ದಾರಿ ಒಂದು ಕ್ಷಣ ಹಂಗೇ ಕಾಣತ್ತೆ, ಸೌಟಿನ ಹಿಂಭಾಗದಲ್ಲಿ ಬೆರಳಾಡಿಸಿ ಗೆರೆ ಎಳೆದ್ರೆ ಮುಚ್ಚಿಕೊಳ್ಳಲ್ಲ. ಆಯ್ತು, ಇಳಿಸಿ. ಥರ್ಮಾಮೀಟರ್ ಇದ್ರೆ 78 ನೋಡಿ, ಇಷ್ಟಕ್ಕೆ ಮೊಟ್ಟೆ ಸೇಫ್ ಆಗಿ ಬೆಂದಿರತ್ತೆ, ಹಸಿ ಅನ್ನೋ ಚಿಂತೆ ಇಲ್ಲ. ಸೀದಾ ಟೀ ಸೋಸೋದಕ್ಕಿಂತ ಸ್ವಲ್ಪ ದೊಡ್ಡ ಜಾಲರಿಯಲ್ಲಿ ಸೋಸಿ, ಮೊಟ್ಟೆಯ ಆ ಬಿಳಿ ದಾರ, ಸಿಪ್ಪೆ ತುರಿ ಎಲ್ಲಾ ಅಲ್ಲೇ ಉಳಿಯತ್ತೆ. ಬೆಣ್ಣೆ ಈಗ, ಮೊದಲೇ ಅಲ್ಲ, ಒಂದೆರಡು ನಿಮಿಷ ಆರಿದ ಮೇಲೆ ತುಂಡು ತುಂಡಾಗಿ ಹಾಕಿ ಕಲಸಿ, ಹೊಳಪು ಬರೋದು ಈ ಹಂತದಲ್ಲಿ. ಮೇಲೆ ಕೆನೆ ಕಟ್ಟದಂಗೆ ಪ್ಲಾಸ್ಟಿಕ್ ಹಾಳೆ ತಾಗಿಸಿ ಮುಚ್ಚಿ ಫ್ರಿಜ್ಜಿಗೆ. ಬಿಸಿ ಇರುವಾಗ ತೆಳ್ಳಗಿದೆ ಅಂತ ಗಾಬರಿ ಬೇಡ, ತಣ್ಣಗಾದ ಮೇಲೆ ಬೆಣ್ಣೆ ಗಟ್ಟಿ ಆಗಿ ನಿಲ್ಲತ್ತೆ.

ಅತ್ತೆಗೆ ಮೊಟ್ಟೆ ಇಲ್ಲದ್ದು ಎರಡು ದಾರಿ. ಸುಲಭದ್ದು ಕಂಡೆನ್ಸ್‌ಡ್ ಮಿಲ್ಕ್, ಮೇಲೆ ಹೇಳಿದ ಫ್ಲಾರಿಡಾ ಪೈ ಹುಟ್ಟಿರೋದೇ ಇದರ ಮೇಲೆ. 400 ಗ್ರಾಂ ಡಬ್ಬಿ ಒಂದಕ್ಕೆ 100 ಎಂಎಲ್ ನಿಂಬೆರಸ, ಬಟ್ಟೇಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು 100 ಗ್ರಾಂ, ಸಿಪ್ಪೆ ತುರಿ. ಹ್ಞೂಂ, ಮೊಸರು ಹಾಕೋರಿಗೆ ಇಲ್ಲಿ ಅವಕಾಶ ಇದೆ. ಒಲೇನೇ ಬೇಡ, ಕಲಸ್ತಾ ಕಲಸ್ತಾ ಕಣ್ಣ ಮುಂದೆನೇ ಗಟ್ಟಿ ಆಗತ್ತೆ. ಹಾಲಿನ ಪ್ರೊಟೀನು ಹುಳಿಗೆ ಒಡೆಯೋದೇ ಇದು, ಪನೀರಿಗೆ ಆಗೋ ಕೆಲಸಾನೇ, ಆದ್ರೆ ಸಕ್ಕರೆ ಅಷ್ಟೊಂದು ಇರೋದ್ರಿಂದ ಗಂಟು ಕಟ್ಟದೆ ನುಣ್ಣಗೆ ನಿಲ್ಲತ್ತೆ. ಬೆಂದ ಬಟ್ಟಲಿಗೆ ತುಂಬಿ ಫ್ರಿಜ್ಜಲ್ಲಿ 4 ಗಂಟೆ. ಸಿಹಿ ಜಾಸ್ತಿ, ನಿಂಬೆ ಚುರುಕು ಸ್ವಲ್ಪ ಮಂದ, ಹಾಲಿನ ರುಚಿ ಮುಂದೆ ಬರತ್ತೆ, ಅತ್ತೆಯವರಿಗೆ ಇದೇ ಇಷ್ಟ ಆಗ್ಬೋದು.

ಎರಡನೇದು ಕಾರ್ನ್‌ಫ್ಲೋರ್. ನೀರು 200 ಎಂಎಲ್, ಸಕ್ಕರೆ 150, ಕಾರ್ನ್‌ಫ್ಲೋರ್ 30 ಗ್ರಾಂ, ಬಣ್ಣಕ್ಕೆ ಸೂಜಿ ಮೊನೆಯಷ್ಟು ಅರಿಶಿನ, ಚೆನ್ನಾಗಿ ಕುದಿಸಿ ಎರಡು ನಿಮಿಷ, ಬೆಳ್ಳಗಿದ್ದದ್ದು ಗಾಜಿನ ಥರ ಆಗ್ಬೇಕು. ಒಲೆ ಆರಿಸಿ, ಆಮೇಲೆ ನಿಂಬೆರಸ 100 ಎಂಎಲ್, ಬೆಣ್ಣೆ 50 ಗ್ರಾಂ. ಇಲ್ಲಿ ಚಿತ್ರಾನ್ನದ ನಿಯಮ ಅಕ್ಷರಶಃ ಪಾಲಿಸಿ, ರಸಾನ ಮೊದಲೇ ಹಾಕಿ ಕುದಿಸ್ತಾ ಇದ್ರೆ ಹುಳಿ ಆ ಪಿಷ್ಟಾನ ಕಡಿದು ಕಡಿದು ಹಾಕತ್ತೆ, ಗಟ್ಟಿ ಆಗಿದ್ದು ಮತ್ತೆ ತೆಳ್ಳಗೆ ಆಗತ್ತೆ, ಆಗ ಇನ್ನಷ್ಟು ಕಾರ್ನ್‌ಫ್ಲೋರ್ ಸುರಿದು ಕೊನೆಗೆ ಅಂಟಿನ ಗೊಜ್ಜು. ಇದರ ತೊಂದ್ರೆ ಅಂದ್ರೆ ಎರಡನೇ ದಿನಕ್ಕೆ ನೀರು ಬಿಡೋಕೆ ಶುರು ಮಾಡತ್ತೆ, ಅವತ್ತೇ ಮಾಡಿ ಅವತ್ತೇ ತಿನ್ನೋ ಹಾಗಿದ್ರೆ ಮಾತ್ರ. ನನ್ನನ್ನ ಕೇಳಿದ್ರೆ ಅತ್ತೆಗೆ ಕಂಡೆನ್ಸ್‌ಡ್ ಮಿಲ್ಕಿಂದೇ ಮಾಡಿ. ಅಂದಂಗೆ ಬಟ್ಟಲಿಗೂ ಹಾಲೇ ಹಾಕಿ ಮಾಡಿಬಿಡಿ ಎಲ್ಲಾ ಹನ್ನೆರಡಕ್ಕೂ, ಯಾವುದು ಮೊಟ್ಟೇದು ಯಾವುದು ಅಲ್ಲ ಅಂತ ಗಲಿಬಿಲಿ ಆಗಲ್ಲ, ಗುರುತಿಗೆ ಅತ್ತೇವರದ್ರ ಮೇಲೆ ಒಂದು ಪಿಸ್ತಾ ಚೂರು.

ತಳ ಮೆತ್ತಗಾಗಿದ್ದು ನೀವು ಬಿಸಿ ಬಿಸಿ ಕರ್ಡನ್ನ ಅರೆಬೆಂದ ಬಟ್ಟಲಿಗೆ ಹಾಕಿ ರಾತ್ರಿಪೂರ್ತಿ ಇಟ್ಟಿದ್ದಕ್ಕೇ ಇರ್ಬೇಕು. ಎರಡೂ ತಣ್ಣಗಿರ್ಬೇಕು. ಒಳಗೆ ಒಂದು ಪದರ ತಡೆ ಬೇಕು, ಮೊಟ್ಟೆ ತಿನ್ನೋರಿಗಾದ್ರೆ ಬಿಸಿ ಬಟ್ಟಲಿಗೆ ಬಿಳಿ ಭಾಗ ತೆಳ್ಳಗೆ ಹಚ್ಚಿ ಮತ್ತೆ 2 ನಿಮಿಷ ಓಟಿಜಿ, ನಾನು ಆರ್ಡರ್ ಇದ್ದಾಗ ಕರಗಿಸಿದ ವೈಟ್ ಚಾಕಲೇಟ್ ಬ್ರಷ್ಷಲ್ಲಿ ಬಳೀತೀನಿ, ಇದು ಎಲ್ಲರಿಗೂ ಆಗತ್ತೆ. ಇಷ್ಟೆಲ್ಲಾ ಮಾಡಿದ್ರೂ ಒಂದು ದಿನದ ಮೇಲೆ ಗರಿಗರಿ ಉಳಿಯಲ್ಲ, ಯಾರಾದ್ರೂ ಉಳಿಯತ್ತೆ ಅಂದ್ರೆ ನಂಬಬೇಡಿ. ಹಂಗಾಗಿ ಕೆಲಸ ಹಂಚ್ಕೊಳ್ಳಿ. ಹುಟ್ಟುಹಬ್ಬ ಭಾನುವಾರ ಅಂದ್ರೆ ಶುಕ್ರವಾರ ಬಟ್ಟಲು ಬೇಯಿಸಿ ಗಾಳಿ ಆಡದ ಡಬ್ಬೀಲಿಡಿ, ಐದಾರು ದಿನ ಏನೂ ಆಗಲ್ಲ, ಶನಿವಾರ ಕರ್ಡ್ ಮಾಡಿ ಗಾಜಿನ ಬಾಟಲಿಗೆ, ಫ್ರಿಜ್ಜಲ್ಲಿ ಒಂದು ವಾರ ಇರತ್ತೆ, ಭಾನುವಾರ ಕೇಕ್ ಕಟ್ ಮಾಡೋಕೆ ಒಂದು ಗಂಟೆ ಮುಂಚೆ ತುಂಬಿ, ಅತ್ತೇವರ ಕಂಡೆನ್ಸ್‌ಡ್ ಮಿಲ್ಕಿಂದು ಮಾತ್ರ 4 ಗಂಟೆ ಮುಂಚೆ. ತುಂಬಿದ ಮೇಲೆ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡ್ಬೇಡಿ, ಸೆಖೆ ಇದ್ರೆ ಒಂದೇ ಗಂಟೆ, ಮೊಟ್ಟೆ ಬೆಣ್ಣೆ ಇರೋ ಪದಾರ್ಥ, ಮಕ್ಕಳು ತಿನ್ನೋದು.

ಕೊನೇದಾಗಿ ಆ ಕಡಲೆಕಾಳು. ಅದನ್ನ ಎಸೀಬೇಡಿ, ಆರಿಸಿ ಡಬ್ಬಿಗೆ ಹಾಕಿ ಮುಂದಿನ ಸಲಕ್ಕೆ ಇಟ್ಕೊಳ್ಳಿ, ಆದ್ರೆ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ನಮ್ಮನೇಲಿ ಒಂದ್ಸಲ ನಾನಿಲ್ಲದಾಗ ಅಮ್ಮ ಅದೇ ಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಉಸಲಿಗೆ ಇಟ್ಟಿದ್ರು, ಆರು ವಿಷಲ್ ಆಯ್ತು, ಹತ್ತಾಯ್ತು, ಅಮ್ಮ ಅಂಗಡಿಯವನಿಗೆ ಫೋನ್ ಮಾಡಿ ಬೈಯ್ಯೋಕೆ ಶುರು ಮಾಡಿದ್ರು, ಆಗ ನಾನು ಒಳಗೆ ಬಂದೆ.